ಹಿಂದಿನೆರಡು ಪ್ಲಗ್ಗುಗಳ ಬಣ್ಣ

ಆ ಕಾರಿಗೆ ರೇಡಿಯೇಟರ್ ಇರಲಿಲ್ಲ. ಮದ್ದೂರಿನ ನನ್ನ ಷೆಡ್ಡಿನ ಮುಂದೆ ಅದು ಬಂದು ನಿಂತಾಗಲೆಲ್ಲ ದಾರಿಹೋಕರು ಸುತ್ತ ನೆರೆದು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಇದ್ಕೆ ನೀರ್ ಎಲ್ಲಿಗ್ ಉಯ್ತಾರೆ ಮೇಸ್ತ್ರಿ?" ನೀರೇ ಬೇಡ, ಗಾಳಿಯಲ್ಲೇ ತಣ್ಣಗಾಗುತ್ತದೆ ಎಂದರೆ ನನ್ನನ್ನೇ ಅನುಮಾನದಿಂದ ನೋಡುತ್ತಿದ್ದರು. ಎಂಜಿನ್ನಿನ ಮುಂದೆ ಮೊರದಗಲದ ಒಂದು ಫ್ಯಾನು. ಅದು ಎಳೆದ ಗಾಳಿ ತಗಡಿನ ಕೊಳವೆಯೊಂದರಲ್ಲಿ ಹಾದು ಸಾಲಾಗಿ ನಿಂತ ಆರು ಸಿಲಿಂಡರುಗಳ ತಲೆಯ ಮೇಲೆ ಬೀಳುತ್ತದೆ. ಪ್ರತಿ ಸಿಲಿಂಡರಿನ ಮೈತುಂಬ ತೆಳುವಾದ ಲೋಹದ ರೆಕ್ಕೆಗಳಿವೆ. ಅವುಗಳ ಸಂದಿನಲ್ಲಿ ಗಾಳಿ ನುಗ್ಗಿ, ಬಿಸಿಯನ್ನು ಹೊತ್ತುಕೊಂಡು ಕೆಳಗಿನಿಂದ ಹೊರಗೆ ಹೋಗುತ್ತದೆ. ಇಷ್ಟೇ ಅದರ ವಿದ್ಯೆ. ಇಷ್ಟು ಸರಳವಾದುದನ್ನು ತಿಳಿದುಕೊಳ್ಳಲು ನನಗೆ ನಾಲ್ಕು ತಿಂಗಳು ಹಿಡಿಯಿತು, ಆ ನಾಲ್ಕು ತಿಂಗಳಲ್ಲಿ ಒಬ್ಬ ಮನುಷ್ಯನ ಮಾನ ಹೋಯಿತು.

ಯುದ್ಧದ ಕಾಲ. ಪೆಟ್ರೋಲು ಕೂಪನ್ನಿಗೆ ಇಷ್ಟು ಎಂದು ಅಳೆದು ಕೊಡುತ್ತಿದ್ದರು. ಬಸ್ಸುಗಳೆಲ್ಲ ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು, ಅದರ ಗ್ಯಾಸಿನಲ್ಲೇ ಕೆಮ್ಮುತ್ತ ಓಡಾಡುತ್ತಿದ್ದವು. ಕಾರು ಮಳವಳ್ಳಿಯ ಡಾಕ್ಟರೊಬ್ಬರದು. ವೈದ್ಯವೃತ್ತಿಗೆಂದು ಅವರಿಗೆ ನಾಲ್ಕು ಗ್ಯಾಲನ್ ಹೆಚ್ಚಿಗೆ ಸಿಗುತ್ತಿತ್ತು. ಪ್ರತಿ ಮಂಗಳವಾರ ಬೆಳಕವಾಡಿಗೆ ಹೋಗಿ ಸುತ್ತಿನ ಹಳ್ಳಿಯ ರೋಗಿಗಳನ್ನು ನೋಡಿ ಬರುತ್ತಿದ್ದರು. ಕಾರು ಅಮೇರಿಕದ್ದು, ಹದಿನೈದು ವರ್ಷ ಹಳೆಯದು, ಊರಿಗೆ ವಾಪಸು ಹೊರಟ ಇಂಗ್ಲಿಷ್ ಎಂಜಿನಿಯರೊಬ್ಬರಿಂದ ಕೊಂಡಿದ್ದು. ಅಂಥ ಇನ್ನೊಂದು ಕಾರನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಆದರೆ ಬೆಂಗಳೂರಿನ ಗ್ಯಾರೇಜಿನಲ್ಲಿ ಎಂಟು ವರ್ಷ ಮೈ ಮಸಿ ಮಾಡಿಕೊಂಡು ಬಂದವನು ನಾನು, ಗೊತ್ತಿಲ್ಲ ಎನ್ನುವ ಮಾತು ನನ್ನ ಬಾಯಲ್ಲಿ ಬರುತ್ತಿರಲಿಲ್ಲ.

ಡ್ರೈವರಿಗೆ ಐವತ್ತೈದು ದಾಟಿತ್ತು. ಬೆಳಕವಾಡಿಯವರು. ಮೊದಲು ಡಾಕ್ಟರ ಜಟಕಾ ಓಡಿಸುತ್ತಿದ್ದರು. ಜಟಕಾ ಮಾರಿ ಕಾರು ತಂದಾಗ ಡಾಕ್ಟರು ಹೊಸ ಆಳನ್ನು ಹುಡುಕಲಿಲ್ಲ, ಕುದುರೆಯ ಲಗಾಮು ಹಿಡಿದಿದ್ದವರ ಕೈಗೇ ಸ್ಟೀರಿಂಗು ಕೊಟ್ಟರು. ಕುದುರೆಗೆ ದಿನಾ ಸಂಜೆ ಮಾಲೀಸು ಮಾಡುತ್ತಿದ್ದ ಅಭ್ಯಾಸ ಅವರನ್ನು ಬಿಟ್ಟಿರಲಿಲ್ಲ. ಎಷ್ಟೇ ದೂರ ಹೋಗಿ ಬಂದರೂ ಬಾನೆಟ್ಟು ಎತ್ತಿ, ಎಂಜಿನ್ನನ್ನು ಉಜ್ಜಿ ಒರೆಸಿಯೇ ಮನೆಗೆ ಹೋಗುತ್ತಿದ್ದರು. ಅಷ್ಟು ಚೊಕ್ಕಟವಾದ ಎಂಜಿನ್ನು ನನ್ನ ಷೆಡ್ಡಿಗೆ ಇನ್ನೊಂದು ಬಂದಿಲ್ಲ.

ಶಿವರಾತ್ರಿ ಕಳೆದ ವಾರ ಡಾಕ್ಟರೂ ಅವರೂ ಬಂದರು. ಡ್ರೈವರೇ ರೋಗ ಹೇಳಿದರು. "ಏರು ಹತ್ತುವಾಗ ಬಡ್ಕತಾ ಅದೆ ಮೇಸ್ತ್ರಿ. ಕಲ್ಲಲ್ಲಿ ತಗಡು ಕುಟ್ದಂಗೆ. ಸ್ವಿಚ್ ಆರ್ಸುದ್ರೂ ನಾಕ್ ಸುತ್ತು ತಾನೇ ತಿರುಗ್ತದೆ. ಕೈಯಿಟ್ರೆ ಸುಟ್ಟೋಯ್ತದೆ."

ಎಂಜಿನ್ನು ಮಿತಿಮೀರಿ ಕಾಯುತ್ತಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ವಿವರಣೆ ಬೇಕಿರಲಿಲ್ಲ. ಕ್ರಮವಾಗಿಯೇ ಶುರುಮಾಡಿದೆ. ಆಯಿಲು ನೋಡಿದೆ, ಗುರುತಿನವರೆಗೂ ಇತ್ತು. ಫ್ಯಾನಿನ ಅಲಗುಗಳು ನೆಟ್ಟಗಿದ್ದವು. ಕಿಡಿ ತಡವಾಗಿ ಹಾರುತ್ತಿದೆಯೇ ಎಂದು ಟೈಮಿಂಗು ನೋಡಿದೆ, ಸರಿಯಾಗಿತ್ತು. ವಾಲ್ವುಗಳ ಸಂದು ಅಳೆದೆ. ಕಾರ್ಬುರೇಟರಿನ ಜೆಟ್ಟು ಬಿಚ್ಚಿ ಊದಿದೆ. ಕಿಡಿ ಹಾರಿಸುವ ಆರು ಪ್ಲಗ್ಗುಗಳನ್ನೂ ಬಿಚ್ಚಿ ಬೆಂಚಿನ ಮೇಲೆ ಸಾಲಾಗಿ ಇಟ್ಟೆ. ಮುಂದಿನ ನಾಲ್ಕು ಹದವಾಗಿ ಹುರಿದ ಕಾಫಿ ಬೀಜದ ಬಣ್ಣದಲ್ಲಿದ್ದವು. ಹಿಂದಿನ ಎರಡು ಬೂದಿಯಂತೆ ಬೆಳ್ಳಗಾಗಿದ್ದವು. ಇದನ್ನು ನಾನು ನೋಡಿದೆ. ನೋಡಲಿಲ್ಲ ಎಂದು ಹೇಳಲು ನನಗೆ ಬಾಯಿಲ್ಲ. ಹಳೆಯ ಎಂಜಿನ್ನು, ಹಿಂದಿನ ಸಿಲಿಂಡರು ಸ್ವಲ್ಪ ಹೆಚ್ಚು ಕಾಯುವುದು ಸಹಜ ಎಂದುಕೊಂಡು, ಉಜ್ಜಿ ವಾಪಸು ಹಾಕಿದೆ.

ಆಗ ಮೂಗಿಗೆ ಸೀಮೆಎಣ್ಣೆಯ ವಾಸನೆ ಹೊಡೆಯಿತು.

ಆ ದಿನಗಳಲ್ಲಿ ಈ ವಾಸನೆಗೆ ಒಂದೇ ಅರ್ಥವಿತ್ತು. ಧಣಿಗಳ ಪೆಟ್ರೋಲನ್ನು ಕದ್ದು ಮಾರಿ, ಟ್ಯಾಂಕಿಗೆ ಸೀಮೆಎಣ್ಣೆ ಬೆರೆಸುವ ಡ್ರೈವರುಗಳ ಸುದ್ದಿ ಮಂಡ್ಯದಿಂದ ಬೆಂಗಳೂರಿನವರೆಗೂ ಇತ್ತು. ಸೀಮೆಎಣ್ಣೆ ಬೆರೆತರೆ ಎಂಜಿನ್ನು ಬಡಿದುಕೊಳ್ಳುತ್ತದೆ, ಕಾಯುತ್ತದೆ, ಸ್ವಿಚ್ಚು ಆರಿಸಿದರೂ ತಿರುಗುತ್ತದೆ. ಎಲ್ಲ ಲಕ್ಷಣವೂ ತಾಳೆಯಾಗಿಬಿಟ್ಟಿತು. ನನಗೆ ಒಳಗೊಳಗೇ ಹಿಗ್ಗು. ಪರೀಕ್ಷೆಗೆ ಸ್ವಲ್ಪ ಪೆಟ್ರೋಲು ಹಿಡಿಯಬೇಕಿತ್ತು. "ಒಂದು ಡಬ್ಬಿ ಕೊಡಣ್ಣ" ಎಂದೆ. ಡ್ರೈವರು ಕಾರಿನ ಹಿಂದಿನಿಂದ ಒಂದು ಪಕ್ಕ ಸೊಟ್ಟಗಾಗಿದ್ದ ಹಳೆಯ ಡಬ್ಬಿ ತಂದುಕೊಟ್ಟರು. ಟ್ಯಾಂಕಿನಿಂದ ಅದಕ್ಕೆ ಪೆಟ್ರೋಲು ಬಿಟ್ಟುಕೊಂಡು, ಒಂದು ತೊಟ್ಟನ್ನು ಪತ್ರಿಕೆಯ ಕಾಗದದ ಮೇಲೆ ಹಾಕಿದೆ. ಬರೀ ಪೆಟ್ರೋಲಾಗಿದ್ದರೆ ಗುರುತಿಲ್ಲದಂತೆ ಆರಿಹೋಗಬೇಕು. ಐದು ನಿಮಿಷವಾದರೂ ಎಣ್ಣೆಯ ಕಲೆ ಉಳಿಯಿತು.

ಕಾಗದವನ್ನು ಡಾಕ್ಟರ ಮುಂದೆ ಹಿಡಿದೆ. "ಟ್ಯಾಂಕಿನಲ್ಲಿ ಸೀಮೆಎಣ್ಣೆ ಬೆರೆತಿದೆ ಡಾಕ್ಟ್ರೇ. ಟ್ಯಾಂಕಿನ ಬೀಗದ ಕೈ ಯಾರ ಹತ್ತಿರ ಇರುತ್ತೆ?"

ಯಾರ ಹತ್ತಿರ ಇರುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕೇಳಿದೆ.

ಡ್ರೈವರು ಹೆಗಲ ಮೇಲಿನ ಟವಲನ್ನು ಕೈಗೆ ತೆಗೆದುಕೊಂಡರು. "ಬುದ್ದಿ, ನಾನು ಪೆಟ್ರೋಲ್ ಮುಟ್ಟಿಲ್ಲ. ಆ ಡಬ್ಬೀಲಿ ನಾನು ತೊಳ್ಯಕ್ಕೆ..."

"ಡಬ್ಬಿ ಮಾತು ಯಾಕಣ್ಣ ಈಗ?" ಎಂದು ನಡುವೆ ಬಾಯಿ ಹಾಕಿದೆ. "ಕಾಗದ ಸುಳ್ಳು ಹೇಳಲ್ಲ."

ಅವರು ಡಾಕ್ಟರ ಮುಖ ನೋಡಿದರು. ಡಾಕ್ಟರು ಕಾಗದ ನೋಡುತ್ತಿದ್ದರು. ಡಾಕ್ಟರು ಸಿಟ್ಟಿನಿಂದ ಬೈದಿದ್ದರೆ ಆ ಮನುಷ್ಯ ಬಹುಶಃ ತಿರುಗಿ ಮಾತಾಡುತ್ತಿದ್ದರು, ವಿಷಯ ಹೊರಗೆ ಬರುತ್ತಿತ್ತು. ಆದರೆ ಡಾಕ್ಟರು ಮೆತ್ತಗೆ, "ಕಾರು ನಾನೇ ತಗೊಂಡು ಹೋಗ್ತೀನಿ. ನೀನು ಬಸ್ಸಿನಲ್ಲಿ ಊರಿಗೆ ಹೋಗು. ನಾಳೆಯಿಂದ ಬರೋದು ಬೇಡ" ಎಂದರು. ಧಣಿ ಹಾಗೆಂದ ಮೇಲೆ ಎದುರು ಮಾತಾಡುವ ಪೈಕಿ ಅಲ್ಲ ಅವರು. ಕೀಲಿಗೊಂಚಲನ್ನು ಮಡ್‌ಗಾರ್ಡಿನ ಮೇಲಿಟ್ಟರು. ಕೈ ತಾಗಿದ ಜಾಗದಲ್ಲಿ ಬೆವರಿನ ಗುರುತು ಬಿದ್ದಿತ್ತು. ಅದನ್ನು ಟವಲಿನಿಂದ ಒರೆಸಿ, ಬಸ್ಸು ನಿಲ್ಲುವ ಕಡೆಗೆ ನಡೆದುಹೋದರು.

ಟ್ಯಾಂಕಿನ ಪೆಟ್ರೋಲನ್ನೆಲ್ಲ ಚೆಲ್ಲಿಸಿ ಹೊಸದು ತುಂಬಿಸಲು ಹೇಳಿ ಕಳಿಸಿದೆ. ಆ ಕಾಲದಲ್ಲಿ ಪೆಟ್ರೋಲು ಚೆಲ್ಲಿಸಿದ ಧೀರ ನಾನೊಬ್ಬನೇ ಇರಬೇಕು. ವಾರವೆಲ್ಲ ಷೆಡ್ಡಿಗೆ ಬಂದವರಿಗೆ ಕಳ್ಳನನ್ನು ಕಾಗದದಲ್ಲಿ ಹಿಡಿದ ಕಥೆ ಹೇಳಿದೆ.

ಉಗಾದಿ ಆದ ಮೇಲೆ ಕಾರು ಮತ್ತೆ ಬಂತು. ಹೊಸ ಡ್ರೈವರು ಇದ್ದಿಲ ಬಸ್ಸು ಬಿಟ್ಟು ಬಂದ ಯುವಕ. ಇಳಿಯುತ್ತಲೇ, "ಮೇಸ್ತ್ರಿ, ಬೆಳಕವಾಡಿ ಸೇರೋ ಅಷ್ಟ್ರಲ್ಲಿ ಎಂಜಿನ್ನು ಕೆಂಡ ಆಯ್ತದೆ ಕಣಣ್ಣ. ಬಡ್ತ ಅಂತೂ ಅರ್ಧ ಮೈಲಿಗೆ ಕೇಳುಸ್ತದೆ" ಎಂದ.

ಕಳ್ಳನೆಂದು ಕಳಿಸಿದವನು ಹೋದ ಮೇಲೂ ರೋಗ ಯಾಕೆ ಹೋಗಲಿಲ್ಲ ಎಂದು ಆ ನಿಮಿಷವೇ ನಾನು ಕೇಳಿಕೊಳ್ಳಬೇಕಿತ್ತು. ಕೇಳಿಕೊಂಡೆ ಕೂಡ. ಆದರೆ ಉತ್ತರವನ್ನು ನನಗೆ ಬೇಕಾದಂತೆ ಮಾಡಿಕೊಂಡೆ: ಬಹಳ ದಿನ ಸೀಮೆಎಣ್ಣೆ ಕುಡಿದ ಎಂಜಿನ್ನು, ಒಳಗೆ ಮಸಿ ಕಟ್ಟಿದೆ. ಪ್ಲಗ್ಗಿನ ತೂತುಗಳಿಂದಲೇ ಕಂಬಿ ತೂರಿಸಿ ಆದಷ್ಟು ಮಸಿ ಕೆರೆದೆ. ಸ್ವಲ್ಪ ಹೆಚ್ಚು ಪೆಟ್ರೋಲು ಹೋಗುವಂತೆ ಕಾರ್ಬುರೇಟರ್ ತಿರುಗಿಸಿದೆ, ಅದರಿಂದ ಒಂದೆರಡು ದಿನ ಬಡಿತ ತಗ್ಗಿತು. ಹಿಂದಿನೆರಡು ಪ್ಲಗ್ಗುಗಳು ಆವತ್ತೂ ಬೂದಿಯ ಬಣ್ಣದಲ್ಲೇ ಇದ್ದವು. ನಾನು ಕಾಪಾಡುತ್ತಿದ್ದುದು ಎಂಜಿನ್ನನ್ನಲ್ಲ, ನನ್ನ ಮಾತನ್ನು.

ಮುಂಗಾರು ಇನ್ನೂ ಹಿಡಿದಿರಲಿಲ್ಲ. ಒಂದು ಬೆಳಿಗ್ಗೆ ಬಸ್ಸಿನವನ ಕೈಯಲ್ಲಿ ಡಾಕ್ಟರು ಚೀಟಿ ಕಳಿಸಿದರು. ಕಾರು ದಾರಿಯಲ್ಲಿ ನಿಂತುಹೋಗಿತ್ತು, ಎತ್ತು ಕಟ್ಟಿ ಎಳೆಸಿಕೊಂಡು ಮನೆಗೆ ತಂದಿದ್ದರು. ಪೆಟ್ಟಿಗೆ ಹೊತ್ತುಕೊಂಡು ಮಳವಳ್ಳಿಗೆ ಹೋದೆ. ಆ ಕಾರು ನಿಲ್ಲುವ ಜಾಗವನ್ನು ನಾನು ನೋಡಿದ್ದು ಅದೇ ಮೊದಲು. ಕಾರಿನ ಷೆಡ್ಡಿಗೂ ಪಕ್ಕದ ಆಲೆಮನೆಗೂ ನಡುವೆ ಒಂದು ಮೋಟು ಗೋಡೆ. ಗೋಡೆಯಾಚೆ ಗಾಣದಿಂದ ಬಂದ ಕಬ್ಬಿನ ಸಿಪ್ಪೆಯನ್ನು ಒಲೆಗೆ ಹಾಕಲೆಂದು ಒಣಗಲು ಹರಡಿದ್ದರು. ಗಾಳಿ ಬೀಸಿದಾಗಲೆಲ್ಲ ಅದರ ನವಿರಾದ ನಾರು ಎದ್ದು ಷೆಡ್ಡಿನೊಳಗೆ ತೇಲಿ ಬರುತ್ತಿತ್ತು. ಕಾರಿನ ಮೂತಿ ಆ ಕಡೆಗೇ ಇತ್ತು.

ಈ ಸಲ ನಾನು ಹಿಂದಿನದನ್ನೆಲ್ಲ ಮರೆತು ಮೊದಲಿನಿಂದ ನೋಡಬೇಕೆಂದು ನಿರ್ಧರಿಸಿದ್ದೆ. ನನ್ನ ಪಾಲಿನ ಪೆಟ್ರೋಲನ್ನು ಗಾಜಿನ ಸೀಸೆಯಲ್ಲಿ ತಂದಿದ್ದೆ. ಟ್ಯಾಂಕಿನ ಪೈಪು ಕಳಚಿ, ಸೀಸೆಯನ್ನು ಎತ್ತರಕ್ಕೆ ಕಟ್ಟಿ, ರಬ್ಬರು ನಳಿಕೆಯಿಂದ ನೇರ ಕಾರ್ಬುರೇಟರಿಗೆ ಕೊಟ್ಟೆ. ಎಂಜಿನ್ನು ಓಡಿತು. ಕಾಲು ಗಂಟೆಯಲ್ಲಿ ಬಡಿತ ಶುರುವಾಯಿತು. ಪೆಟ್ರೋಲಿನ ದೋಷವಲ್ಲ ಎಂದು ಅಲ್ಲಿಗೆ ಖಚಿತವಾಯಿತು. ಈ ಪರೀಕ್ಷೆಯನ್ನು ಶಿವರಾತ್ರಿಯ ಹೊತ್ತಿನಲ್ಲೇ ಮಾಡಬಹುದಿತ್ತು. ಒಂದು ಸೀಸೆ ಪೆಟ್ರೋಲಿಗೆ ಜಿಪುಣತನ ಮಾಡಿದ್ದೆ.

ಪ್ಲಗ್ಗು ಬಿಚ್ಚಿದೆ. ಕಾಫಿಯ ಬಣ್ಣದ್ದು ನಾಲ್ಕು, ಬೂದಿ ಬಣ್ಣದ್ದು ಎರಡು. ಆರೂ ಸಿಲಿಂಡರು ಕುಡಿಯುವುದು ಒಂದೇ ಪಾತ್ರೆಯಿಂದ. ಪೆಟ್ರೋಲು ಕೆಟ್ಟಿದ್ದರೆ ಆರೂ ಬೆಳ್ಳಗಾಗಬೇಕಿತ್ತು. ಇಷ್ಟು ದಿನ ಈ ಎರಡು ಪ್ಲಗ್ಗುಗಳು ನನ್ನ ಕಣ್ಣ ಮುಂದೆಯೇ ಸಾಕ್ಷಿ ಹೇಳುತ್ತಿದ್ದವು.

ಹಾಗಾದರೆ ಗಾಳಿ. ಡಾಕ್ಟರ ಮನೆಯಿಂದ ಧೂಪದ ಬಟ್ಟಲಲ್ಲಿ ಕೆಂಡ ಮತ್ತು ಸಾಂಬ್ರಾಣಿ ತರಿಸಿದೆ. ಎಂಜಿನ್ನನ್ನು ನಿಧಾನವಾಗಿ ಓಡಲು ಬಿಟ್ಟು, ಹೊಗೆಯನ್ನು ಫ್ಯಾನಿನ ಮುಂದೆ ಹಿಡಿದು, ಹೊಸ ಡ್ರೈವರನ್ನು ಕೆಳಗೆ ಬಗ್ಗಿ ನೋಡಲು ಹೇಳಿದೆ.

"ಒಂದ್ರಲ್ಲಿ ಬತ್ತಾ ಅದೆ. ಎರಡು, ಮೂರು... ನಾಕ್ರಲ್ಲೂ ಬತ್ತಾ ಅದೆ. ಇಂದ್ಲವೆರಡ್ರಲ್ಲಿ ಏನೂ ಇಲ್ಲ ಕಣಣ್ಣ."

ಹಿಂದಿನೆರಡು ಸಿಲಿಂಡರಿನ ಕೆಳಗೆ ಹತ್ತಿಯ ಎಳೆ ಹಿಡಿದೆ. ಅದು ಅಲ್ಲಾಡಲಿಲ್ಲ.

ತಗಡಿನ ಕೊಳವೆಯನ್ನು ಎತ್ತದೆ ದಾರಿಯಿರಲಿಲ್ಲ. ಅದರ ಬೋಲ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಒಂದು ಮುರಿದರೂ ಬದಲಿಗೆ ಸಿಗುವಂತಿರಲಿಲ್ಲ, ಆ ಕಾರು ಮಾಡಿದ ಕಂಪನಿಯೇ ಮುಚ್ಚಿಹೋಗಿತ್ತು. ಸೀಮೆಎಣ್ಣೆ ಬಿಟ್ಟು ನೆನೆಸಿದರೆ ಸಡಿಲವಾದೀತು ಎಂದು ಸುತ್ತ ನೋಡಿದೆ. ಷೆಡ್ಡಿನ ಮೂಲೆಯಲ್ಲಿ ಮೊಳೆಗೆ ಒಂದು ಡಬ್ಬಿ ತೂಗುಹಾಕಿತ್ತು. ಅದರೊಳಗೆ ಕತ್ತಾಳೆ ನಾರಿನ ಒಂದು ಕುಂಚ. ಡಬ್ಬಿಯ ಒಂದು ಪಕ್ಕ ಸೊಟ್ಟಗಾಗಿತ್ತು.

ಕೈಗೆ ತೆಗೆದುಕೊಂಡು ಮೂಸಿದೆ. ತಳದಲ್ಲಿ ಇನ್ನೂ ಸೀಮೆಎಣ್ಣೆಯ ಜಿಡ್ಡಿತ್ತು.

ನನ್ನ ಸೀಸೆಯಿಂದ ಒಂದಿಷ್ಟು ಪೆಟ್ರೋಲನ್ನು ಆ ಡಬ್ಬಿಗೆ ಹುಯ್ದು ಅಲ್ಲಾಡಿಸಿದೆ. ಕಾಗದದ ಮೇಲೆ ಸೀಸೆಯಿಂದ ಒಂದು ತೊಟ್ಟು, ಡಬ್ಬಿಯಿಂದ ಒಂದು ತೊಟ್ಟು ಹಾಕಿದೆ. ಸೀಸೆಯದು ಆರಿಹೋಯಿತು. ಡಬ್ಬಿಯದು ಕಲೆಯಾಗಿ ಉಳಿಯಿತು, ಶಿವರಾತ್ರಿಯ ವಾರ ಉಳಿದಿತ್ತಲ್ಲ, ಹಾಗೆಯೇ. ಟ್ಯಾಂಕಿನಲ್ಲಿ ಎಂದೂ ಸೀಮೆಎಣ್ಣೆ ಇರಲೇ ಇಲ್ಲ. ಅದು ಎಂಜಿನ್ನು ತೊಳೆಯುವ ಡಬ್ಬಿ, ಆವತ್ತು ನನ್ನ ಮೂಗಿಗೆ ಹೊಡೆದದ್ದೂ ತೊಳೆದ ಎಂಜಿನ್ನಿನ ವಾಸನೆಯೇ. ಅದನ್ನೇ ಅವರು ಹೇಳಹೊರಟಿದ್ದರು, ನಾನು ಬಾಯಿ ಮುಚ್ಚಿಸಿದ್ದೆ.

ಡಾಕ್ಟರ ಮನೆಯಿಂದ ಸೀಮೆಎಣ್ಣೆ ತರಿಸಿದೆ. ಬೋಲ್ಟುಗಳನ್ನು ನೆನೆಸಿ, ಕೂದಲೆಳೆಯಷ್ಟು ಹಿಂದೆ ಮುಂದೆ ಆಡಿಸುತ್ತ ಬಿಚ್ಚುವಷ್ಟರಲ್ಲಿ ಮಧ್ಯಾಹ್ನವಾಯಿತು. ಒಂದೂ ಮುರಿಯಲಿಲ್ಲ. ಕೊಳವೆ ಎತ್ತಿದೆ. ಹಿಂದಿನೆರಡು ಸಿಲಿಂಡರುಗಳ ರೆಕ್ಕೆಗಳ ಮೇಲೆ ಒಂದು ಬೆರಳು ದಪ್ಪ ಕಂಬಳಿಯಂಥ ಪದರ ಕೂತಿತ್ತು. ಕಬ್ಬಿನ ನಾರು, ಧೂಳು, ಎಣ್ಣೆ ಮೂರೂ ಸೇರಿ ಸುಟ್ಟು ಗಟ್ಟಿಯಾಗಿದ್ದವು. ಷೆಡ್ಡಿನ ನೆಲ ಹಿಂದಕ್ಕೆ ಇಳಿಜಾರು. ಡ್ರೈವರು ಪ್ರತಿ ಸಂಜೆ ಕುಂಚದಿಂದ ಬಳಿದ ಸೀಮೆಎಣ್ಣೆ ಹಿಂದಕ್ಕೆ ಹರಿದು ಅಲ್ಲಿ ನಿಲ್ಲುತ್ತಿತ್ತು. ಫ್ಯಾನು ಎಳೆದುಕೊಂಡ ನಾರು ಆ ಒದ್ದೆಗೆ ಅಂಟಿಕೊಳ್ಳುತ್ತಿತ್ತು. ಹೊರಗಿನಿಂದ ಕಾಣುವುದನ್ನೆಲ್ಲ ಅವರು ಕನ್ನಡಿಯಂತೆ ಇಟ್ಟಿದ್ದರು. ಕೈ ಹೋಗದ ತಗಡಿನ ಕೆಳಗೆ ಅವರ ಅಕ್ಕರೆಯೇ ಎಂಜಿನ್ನಿನ ಉಸಿರು ಕಟ್ಟಿತ್ತು.

ಬಿದಿರ ಸೀಳಿನಿಂದ ಒಂದೊಂದೇ ಸಂದನ್ನು ಕೆರೆದು ತೆಗೆದೆ. ಕೊಳವೆ ಕೂರಿಸಿ ಸಾಂಬ್ರಾಣಿ ಹಿಡಿದಾಗ ಆರರ ಕೆಳಗೂ ಹೊಗೆ ಬಂತು. ಅರ್ಧ ಗಂಟೆ ಓಡಿಸಿದೆ. ಬಡಿತವಿಲ್ಲ. ಸ್ವಿಚ್ಚು ಆರಿಸಿದ ಕೂಡಲೆ ಎಂಜಿನ್ನು ನಿಂತಿತು.

ಡಬ್ಬಿಯನ್ನು ಮತ್ತೆ ಮೊಳೆಗೆ ತಗುಲಿಹಾಕಿ, ಕಬ್ಬಿನ ನಾರಿನ ಕಥೆಯನ್ನಷ್ಟೇ ಹೇಳಿ ಮದ್ದೂರಿಗೆ ಹೊರಟುಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಯೋಚನೆ ಬಂತು, ಬರಲಿಲ್ಲವೆಂದು ಸುಳ್ಳು ಹೇಳಲಾರೆ. ಕೈ ತೊಳೆಯುವಷ್ಟು ಹೊತ್ತೂ ಅದು ತಲೆಯಲ್ಲಿತ್ತು. ಆಮೇಲೆ ಡಬ್ಬಿಯನ್ನೂ ಎರಡು ತೊಟ್ಟಿನ ಕಾಗದವನ್ನೂ ತೆಗೆದುಕೊಂಡು ಡಾಕ್ಟರ ಔಷಧದ ಕೋಣೆಗೆ ಹೋದೆ.

ಡಬ್ಬಿಯ ವಿಷಯವನ್ನೂ ಕಬ್ಬಿನ ನಾರಿನ ವಿಷಯವನ್ನೂ ಕೇಳಿ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ದಿನಾ ತೊಳೀತಿದ್ದ ಕಣಯ್ಯ. ಕಿಟಕಿಯಿಂದ ನೋಡ್ತಿದ್ದೆ. ಯಾವುದರಲ್ಲಿ ತೊಳೀತೀಯ ಅಂತ ಒಂದು ದಿನ ಕೇಳಲಿಲ್ಲ." ಕನ್ನಡಕ ಮತ್ತೆ ಹಾಕಿಕೊಂಡು, "ನಡಿ, ಕರಕೊಂಡು ಬರೋಣ" ಎಂದು ಎದ್ದರು.

ಹೊತ್ತು ಇನ್ನೂ ಇತ್ತು. ಕಾರನ್ನು ನಾನೇ ಓಡಿಸಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ತಪ್ಪಾಯಿತು ಎನ್ನಬೇಕು, ಕಾಲು ಮುಟ್ಟಬೇಕು, ಕೀಲಿಗೊಂಚಲನ್ನು ಅವರ ಕೈಗೇ ಕೊಟ್ಟು ವಾಪಸು ಅವರೇ ಓಡಿಸಲಿ ಎನ್ನಬೇಕು. ಬೆಳಕವಾಡಿಯಲ್ಲಿ ಅವರ ಮನೆ ದಾರಿಯ ಅಂಚಿಗೇ ಇತ್ತು. ಜಗಲಿಯ ಮೇಲೆ ಅವರ ಹೆಂಡತಿ ಅವರೆಕಾಳು ಹಸನು ಮಾಡುತ್ತ ಕೂತಿದ್ದರು. ಹಣೆಯಲ್ಲಿ ಕುಂಕುಮವಿರಲಿಲ್ಲ.

ಡಾಕ್ಟರು ಕಾರಿನ ಬಾಗಿಲು ಹಿಡಿದುಕೊಂಡೇ ನಿಂತರು. "ಯಾವಾಗ?"

"ಓದ್ ಸೋಮಾರಕ್ಕೆ ತಿಂಗ್ಳಾಯ್ತು ಬುದ್ದಿ. ಚಳಿಜ್ವರ. ಬುಟ್ಟು ಬುಟ್ಟು ಬತ್ತಿತ್ತು."

"ನನಗೆ ಹೇಳಿ ಕಳಿಸಬಾರದಿತ್ತೇನಮ್ಮ? ಮಂಗಳವಾರ ಮಂಗಳವಾರ ಇದೇ ದಾರೀಲಿ ಹೋಗ್ತಿದ್ದೆನಲ್ಲ."

"ಬ್ಯಾಡ ಅಂದ್ಬುಟ್ರು. ಕಳ್ಳ ಅಂದೋರ ಮುಂದೆ ಕೈ ಒಡ್ಬ್ಯಾಡ ಅಂದ್ರು."

ಕಳ್ಳನೆಂದು ಕಳಿಸಿದವರ ಸುದ್ದಿಯನ್ನು ಆ ಊರಿನ ರೋಗಿಗಳಾರೂ ಡಾಕ್ಟರ ಮುಂದೆ ಎತ್ತಿರಲಿಲ್ಲ. ಚಳಿಜ್ವರದ ಕ್ವಿನೈನು ಡಾಕ್ಟರ ಚೀಲದಲ್ಲಿ ಯಾವಾಗಲೂ ಇರುತ್ತಿತ್ತು. ಆ ಚೀಲ ವಾರಕ್ಕೊಮ್ಮೆ ಆ ಬಾಗಿಲಿನಿಂದ ಹತ್ತು ಮಾರು ದೂರದಲ್ಲಿ ಹಾದುಹೋಗುತ್ತಿತ್ತು. ನಾನು ಲೆಕ್ಕ ಹಾಕಿದೆ. ಉಗಾದಿಯ ನಂತರ ಕಾರು ನನ್ನ ಕೈಗೆ ಬಂದಾಗ ಅವರಿನ್ನೂ ಇದ್ದರು. ಆವತ್ತು ಎರಡು ಪ್ಲಗ್ಗುಗಳನ್ನು ಸರಿಯಾಗಿ ನೋಡಿದ್ದರೆ ಸಾಕಿತ್ತು.

ಜಗಲಿಯ ಕೆಳಗೆ ನಿಂತು ಡಬ್ಬಿಯ ವಿಷಯ ಹೇಳಿದೆ. ನನ್ನ ತಪ್ಪು ಎಂದೆ. ಆ ತಾಯಿ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. "ಆ ಸೀಮೆಎಣ್ಣೆ ನಮ್ಮನೇದು ಕಣಣ್ಣ" ಎಂದರು. "ಕಾರ್ಡಿಗೆ ಕೊಡೋದ್ರಲ್ಲಿ ಅರ್ಧ ಅದ್ಕೇ ಎತ್ಕಂಡೋಗೋರು. ನಾವು ಅಳ್ಳೆಣ್ಣೆ ದೀಪ ಕತ್ತುಸ್ಕಂಡು ಉಣ್ತಿದ್ದೋ. ಬೈತಿದ್ದೆ ನಾನು. ಕುದ್ರೆ ಆಗಿದ್ರೆ ಉಲ್ಲು ಕೇಳ್ತಿತ್ತು, ಇದು ಕೇಳೋದು ಇಷ್ಟೇಯ ಅನ್ನೋರು."

ಡಾಕ್ಟರು ಮುಖ ತಿರುಗಿಸಿಕೊಂಡರು.

"ಏನಾಗಿತ್ತಣ್ಣ ಅದ್ಕೆ?" ಎಂದು ಆಕೆ ಕೇಳಿದರು.

"ಕಬ್ಬಿನ ಸಿಪ್ಪೆ ಧೂಳು ಕಣಮ್ಮ. ಆಲೆಮನೆಯಿಂದ ಬಂದು ಒಳಗೆ ಸೇರ್ಕೊಂಡಿತ್ತು." ಧೂಳು ಯಾವುದಕ್ಕೆ ಅಂಟಿಕೊಂಡಿತ್ತು ಎಂಬುದನ್ನು ಹೇಳಲಿಲ್ಲ. ಇಂದಿಗೂ ಯಾರಿಗೂ ಹೇಳಿಲ್ಲ, ಇಲ್ಲಿಯೇ ಮೊದಲು ಬರೆಯುತ್ತಿದ್ದೇನೆ.

ಆಕೆ ಮೊರವನ್ನು ಪಕ್ಕಕ್ಕಿಟ್ಟು ಕಾರಿನ ಕಡೆ ನೋಡಿದರು. "ಮಲಗಿದ್ದಲ್ಲೇ ಕಿವಿ ಕೊಟ್ಕಂಡಿರೋರು. ಮಂಗ್ಳಾರ ಇದು ಓದ ತಕ್ಷಣ, 'ಇನ್ನೂ ಬಡ್ಕತಾ ಅದೆ ಕಣೆ, ನನ್ ಕಳ್ಸುದ್ರೂ ಬಡ್ತ ಓಗ್ಲಿಲ್ಲ' ಅನ್ನೋರು. ನಾನ್ ಓಗಿ ಏಳ್ಬುಟ್ ಬತ್ತೀನಿ ಅಂದ್ರೆ ಬುಡ್ತಿರಲಿಲ್ಲ. 'ಆ ಮೇಸ್ತ್ರಿ ಕೆಲ್ಸ ಬಲ್ಲೋನು, ಇವತ್ತಲ್ಲ ನಾಳೆ ಅವ್ನ ಕಿವಿಗೇ ಬೀಳ್ತದೆ' ಅನ್ನೋರು."

ಕೀಲಿಗೊಂಚಲು ಇನ್ನೂ ನನ್ನ ಕೈಯಲ್ಲೇ ಇತ್ತು.

"ಇವತ್ತು ನೀವ್ ಬಂದಿದ್ದು ಗೊತ್ತೇ ಆಗ್ಲಿಲ್ಲ" ಎಂದರು ಆಕೆ. "ಸದ್ದೇ ಇರ್ಲಿಲ್ವಲ್ಲ. ಯಾರ್ದೋ ಬ್ಯಾರೆ ಕಾರು ಅಂದ್ಕಂಡೆ."